ಮೂರು ತಂತಿಯ ಜಲಪಾತ

ನನ್ನ ಸೊಂಟ ಹಿಡಿದುಕೊಂಡದ್ದು ವಯಸ್ಸಿನಿಂದಲ್ಲ, ಭಾವನಿಂದ. ಡಾಕ್ಟರ ಹತ್ತಿರವೂ ಹಾಗೇ ಹೇಳಿದೆ. ಅವರು ನಕ್ಕು, ಬಿಸಿನೀರಿನ ಶಾಖ ಕೊಡಿ ಅಂದರು. ಯಾರಿಗೆ ಅಂತ ಹೇಳಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮಾರ್ಕೆಟ್ ರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನದು ಸಾಮಾನು ಸಾಗಿಸುವ ಒಂದು ಸಣ್ಣ ಟೆಂಪೊ. ಕನ್ನಡಕಕ್ಕೂ ಟೆಂಪೊಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಆಗಾಗ ಫೋನ್ ಬರುತ್ತಿತ್ತು. "ಏನಪ್ಪಾ, ಈ ಕಡೆ ಬರೋದಿದ್ಯಾ? ಒಂದು ಚಿಕ್ಕ ಟಿವಿ ಇದೆ, ಎತ್ಕೊಂಡು ಬರ್ಬೇಕಿತ್ತು." ಭಾವನ ಬಾಯಲ್ಲಿ ಚಿಕ್ಕದು ಅಂದರೆ ಇಬ್ಬರು ಎತ್ತುವಂಥದ್ದು. ದೊಡ್ಡದು ಅಂದರೆ ಇಬ್ಬರು ಎತ್ತಿ ಆಮೇಲೆ ಮಲಗುವಂಥದ್ದು.

ಈಗಿನ ತೆಳ್ಳಗಿನ ಟಿವಿ ಅಲ್ಲ ಅದು. ಹಿಂದೆ ಗೂನು ಇರುವ ಡಬ್ಬಾ ಟಿವಿ. ಜನ ಅದನ್ನು ಮನೆಯಿಂದ ಸಾಗಹಾಕಿ ಎಷ್ಟೋ ಕಾಲವಾಯಿತು. ಸಾಗಹಾಕಿದ್ದನ್ನೆಲ್ಲ ನಮ್ಮ ಭಾವ ಹುಡುಕಿಕೊಂಡು ಹೋಗಿ ತರುತ್ತಿದ್ದರು. ಅದರ ಭಾರವೆಲ್ಲ ಮುಂದಿನ ಗಾಜಿನಲ್ಲಿ ಇರುತ್ತದೆ. ಹಾಗಾಗಿ ಪರದೆಯನ್ನು ಹೊಟ್ಟೆಗೆ ಒತ್ತಿಕೊಂಡು, ಗೂನನ್ನು ಆಚೆ ಮಾಡಿ ಎತ್ತಬೇಕು. ಕಾಲಡಿ ಏನಿದೆ ಅಂತ ಕಾಣುವುದಿಲ್ಲ. ಭಾವ ಮುಂದೆ ಮುಂದೆ ನಡೆಯುತ್ತಾ "ಮೆಟ್ಲು, ಮೆಟ್ಲು" ಅನ್ನುತ್ತಿದ್ದರು. ಎತ್ತುವುದರಲ್ಲಿ ಅವರ ಪಾಲು ಅಷ್ಟೇ.

ಆದರೆ ಅಂಗಡಿಯಲ್ಲಿ ಅವರನ್ನು ನೋಡಬೇಕು. ಬಂದವರ ಮೂಗಿನ ಮೇಲೆ ಕಬ್ಬಿಣದ ಖಾಲಿ ಚೌಕಟ್ಟು ಕೂರಿಸಿ, ಅದಕ್ಕೆ ಒಂದೊಂದೇ ಗಾಜು ಇಳಿಸುತ್ತಾರೆ. ಒಂದು ಗಾಜು ಇಟ್ಟು "ಒಂದಾ..." ಅನ್ನುತ್ತಾರೆ. ಅದನ್ನು ತೆಗೆದು ಇನ್ನೊಂದು ಇಟ್ಟು "ಎರಡಾ?" ಅನ್ನುತ್ತಾರೆ. ಬಂದವರು ತಡವರಿಸಿದರೆ ಕೋಪವಿಲ್ಲ. "ಅವಸರ ಇಲ್ಲ. ಇನ್ನೊಂದ್ಸಲ ತೋರಿಸ್ತೀನಿ. ಒಂದಾ... ಎರಡಾ?" ಆ ದನಿ ಎಷ್ಟು ಮೆತ್ತಗಿರುತ್ತದೆ ಅಂದರೆ, ಕಣ್ಣು ಚೆನ್ನಾಗಿದ್ದವರಿಗೂ ಒಂದು ಕನ್ನಡಕ ಮಾಡಿಸಿಬಿಡೋಣ ಅನ್ನಿಸುತ್ತದೆ.

ಅಭ್ಯಾಸ ಮನೆಗೂ ಬಂದಿತ್ತು. ಅಕ್ಕ ಕಿಟಕಿಗೆ ಪರದೆ ಹೊಲಿಯುವಾಗ ಅವಳ ಎದುರಿಗೆ ಎರಡು ಬಟ್ಟೆ ಹಿಡಿದು "ಒಂದಾ... ಎರಡಾ?" ಅನ್ನುತ್ತಿದ್ದರು. ಟೊಮೆಟೊ ತರಲು ಹೋದರೂ ಅಷ್ಟೇ, ತರಕಾರಿಯವಳು ಇವರನ್ನು ಕಂಡರೆ ತಕ್ಕಡಿ ಕೆಳಗಿಟ್ಟು ಕೂರುತ್ತಿದ್ದಳು. "ಈ ಮನುಷ್ಯ ಕೇಳ್ತಾರೇ ಹೊರತು ತಾವಾಗಿ ಒಂದು ದಿನ ಹೇಳಿದ್ದಿಲ್ಲ," ಅಂತ ಅಕ್ಕ ಗೊಣಗುತ್ತಿದ್ದಳು.

ಅವರ ಸ್ವಂತ ಕನ್ನಡಕ ಸೋಡಾ ಬಾಟಲಿಯ ತಳದ ಹಾಗಿದೆ. ಸ್ನಾನಕ್ಕೂ ನಿದ್ದೆಗೂ ಬಿಟ್ಟರೆ ಅದು ಮೂಗಿನಿಂದ ಇಳಿಯುವುದಿಲ್ಲ. ಒಮ್ಮೆ ಅದಿಲ್ಲದೆ ಬಚ್ಚಲಿಂದ ಬಂದವರು, ಬಾಗಿಲ ಹಿಂದೆ ನೇತುಹಾಕಿದ್ದ ಅಕ್ಕನ ರೇನ್‌ಕೋಟಿಗೆ "ಯಾವಾಗ ಬಂದ್ರಿ?" ಅಂತ ಕೇಳಿದ್ದರು. ಉತ್ತರ ಬಾರದ್ದಕ್ಕೆ ಸ್ವಲ್ಪ ಬೇಜಾರೂ ಮಾಡಿಕೊಂಡಿದ್ದರು.

ಇಂಥವರಿಗೆ ಈ ಟಿವಿಗಳ ಹುಚ್ಚು ಹೇಗೆ ಹತ್ತಿತು ಅಂದರೆ, ಒಂದು ಜಲಪಾತದಿಂದ.

ಭಾವ ಚಿಕ್ಕವರಿದ್ದಾಗ ಅವರ ಬೀದಿಯಲ್ಲಿ ವಿಡಿಯೊ ಗೇಮ್ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯವರು ಒಳಗೆ ಕರೆಯುತ್ತಿರಲಿಲ್ಲ, ಬೈದು ಓಡಿಸುತ್ತಲೂ ಇರಲಿಲ್ಲ. ಹಾಗಾಗಿ ಇವರು ಕಿಟಕಿಯ ಕಂಬಿ ಹಿಡಿದು ಹೊರಗೆ ನಿಲ್ಲುತ್ತಿದ್ದರು. ಒಳಗೆ ಯಾರದೋ ಭುಜ, ಯಾರದೋ ತಲೆ, ಅವುಗಳ ಸಂದಿನಲ್ಲಿ ಒಂದು ಟಿವಿ. ಅದರಲ್ಲಿ ಕೊಡೆ ಹಿಡಿದ ಒಂದು ಮುಂಗುಸಿ. ಅದು ಓಡುತ್ತಿತ್ತು, ಹಾರುತ್ತಿತ್ತು, ಕೊಡೆ ಬಿಚ್ಚಿ ಗಾಳಿಯಲ್ಲಿ ತೇಲುತ್ತಿತ್ತು. ಎರಡನೇ ಹಂತದಲ್ಲಿ ಒಂದು ಜಲಪಾತ ಬರುತ್ತಿತ್ತು. ನೀರು ಗಾಜಿನಂತೆ ಇಳಿಯುತ್ತಿತ್ತು, ಅದರ ಹಿಂದಿನ ಬಂಡೆಯೂ ಕಾಣುತ್ತಿತ್ತು. ಇವರ ಕೈಗೆ ಜಾಯ್‌ಸ್ಟಿಕ್ ಒಮ್ಮೆಯೂ ಬರಲಿಲ್ಲ. ಬೇಕು ಅಂತ ಕೇಳಲೂ ಇಲ್ಲವಂತೆ. ಜಲಪಾತ ಬರುವವರೆಗೆ ನಿಂತು, ಅದನ್ನು ನೋಡಿ, ಮನೆಗೆ ಹೋಗುತ್ತಿದ್ದರು.

"ಒಂದು ದಿನ ಅದನ್ನ ಎದುರಿಗೆ ಕೂತು ಸರಿಯಾಗಿ ನೋಡ್ಬೇಕು ಕಣಪ್ಪಾ," ಅನ್ನುತ್ತಿದ್ದರು. "ತಲೆ ಅಡ್ಡ ಬರ್ದೇ, ಕಂಬಿ ಅಡ್ಡ ಬರ್ದೇ."

ಇದನ್ನು ಹೇಳುವಾಗ ಅವರ ಮುಖ ನೋಡಿದರೆ ನನಗೆ ನಿಜವಾಗಲೂ ಪಾಪ ಅನ್ನಿಸುತ್ತಿತ್ತು. ಅದಕ್ಕೇ ಮೊದಲ ಟಿವಿ ಎತ್ತಿದೆ. ಅಲ್ಲೇ ನಾನು ಕೆಟ್ಟೆ.

ಗೇಮ್ ಸಿಕ್ಕಿತು, ಅದರ ಕ್ಯಾಸೆಟ್ಟೂ ಸಿಕ್ಕಿತು. ಮನೆಯ ಹೊಸ ಟಿವಿಗೆ ಸಿಕ್ಕಿಸಿ ನೋಡಬಹುದಿತ್ತು. ಭಾವ ಸುತರಾಂ ಒಪ್ಪಲಿಲ್ಲ. ಹಳೇ ಆಟಕ್ಕೆ ಹಳೇ ಟಿವಿಯೇ ಆಗಬೇಕು, ಹೊಸದರಲ್ಲಿ ಚಿತ್ರ ಎಳೆದು ಅಂಟಿಸಿದ ಹಾಗಿರುತ್ತದೆ, ಗುಂಡಿ ಒತ್ತಿದ ಮೇಲೆ ಮುಂಗುಸಿ ಯೋಚನೆ ಮಾಡಿ ಹಾರುತ್ತದೆ ಅಂದರು. ಸರಿ, ಹಳೇ ಟಿವಿ ಬಂತು. ಅದೂ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಫೋನಿನಲ್ಲಿ ಒಂದು ಗುಂಪು ಸೇರಿಕೊಂಡಿದ್ದರು. ಡಬ್ಬಾ ಟಿವಿಯ ಭಕ್ತರ ಗುಂಪು. ಅದರ ಹಿರಿಯರೊಬ್ಬರನ್ನು ಎಲ್ಲರೂ ಗುರುಗಳೇ ಅನ್ನುತ್ತಿದ್ದರು. ಅವರ ಮುಖ ಯಾರೂ ನೋಡಿರಲಿಲ್ಲ, ಅವರ ಟಿವಿಯ ಫೋಟೊ ಮಾತ್ರ ನೋಡಿದ್ದರು. ಆ ಗುರುಗಳು ಅಪ್ಪಣೆ ಕೊಡಿಸಿದ್ದು: ಹಳದಿ ತಂತಿ ಪಾಪ, ಆರ್‌ಜಿಬಿ ಒಂದೇ ಗತಿ.

ಇದೇನು ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮಾಮೂಲಿಯಾಗಿ ಗೇಮಿನಿಂದ ಟಿವಿಗೆ ಚಿತ್ರ ಬರುವುದು ಒಂದೇ ಒಂದು ಹಳದಿ ತಂತಿಯಲ್ಲಿ. ಬಣ್ಣಗಳೆಲ್ಲ ಅದರಲ್ಲೇ ಕಲಸಿಕೊಂಡು ಬರುತ್ತವೆ. ಮೂರು ಮನೆಯ ಸಾಮಾನನ್ನು ನನ್ನ ಒಂದೇ ಟೆಂಪೊದಲ್ಲಿ ತುಂಬಿದ ಹಾಗೆ, ಇಳಿಸುವಾಗ ಒಬ್ಬರ ಪಾತ್ರೆ ಇನ್ನೊಬ್ಬರ ಹಾಸಿಗೆಯೊಳಗೆ. ಆರ್‌ಜಿಬಿ ಅಂದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಮೂರು ಮನೆಗೆ ಮೂರು ಟೆಂಪೊ. ಯಾವುದೂ ಕಲಸುವುದಿಲ್ಲ, ಚಿತ್ರ ಸೂಜಿಯಲ್ಲಿ ಬರೆದ ಹಾಗೆ ಬರುತ್ತದೆ. ಆದರೆ ಈ ಮೂರು ತಂತಿಗೆ ಕಿಂಡಿ ಇರುವ ಹಳೇ ಟಿವಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ್ದು ಸರಿ ಇರುವುದಿಲ್ಲ. ಸರಿ ಇದ್ದದ್ದು ನನ್ನ ಸೊಂಟಕ್ಕೆ ಆಗುವುದಿಲ್ಲ.

ಹೀಗೆ ಮನೆಯ ಮುಂಗೋಣೆ ತುಂಬಿತು. ಗೋಡೆಗೆ ಒರಗಿಸಿ ಟಿವಿ, ಟಿವಿಯ ಮೇಲೆ ಟಿವಿ, ಕಿಟಕಿಗೆ ಅಡ್ಡ ಟಿವಿ. ಒಂದರ ಮೂಲೆಯಲ್ಲಿ ನೇರಳೆ ಕಲೆ, ಇನ್ನೊಂದರ ಗೆರೆ ಡೊಂಕು, ಮತ್ತೊಂದು ಹಚ್ಚಿದರೆ ಶಿಳ್ಳೆ ಹೊಡೆಯುತ್ತದೆ. ನಡುವೆ ಒಂದು ಕುರ್ಚಿ, ಎದುರಿಗೆ ಎಲ್ಲದರಲ್ಲೂ ದೊಡ್ಡದಾದ, ಮೂರು ತಂತಿಯ ಕಿಂಡಿ ಇರುವ ಟಿವಿ. ಅದನ್ನು ಭಾವ 'ಇವನು' ಅನ್ನುತ್ತಿದ್ದರು. "ಇವನಿಗೆ ಇವತ್ತು ಬಿಸಿ ಸಾಲ್ದು," ಅನ್ನುತ್ತಿದ್ದರು. ಅಕ್ಕನಿಗೆ ಜ್ವರ ಬಂದಾಗಲೂ ಅಷ್ಟು ಬಗ್ಗಿ ನೋಡಿದವರಲ್ಲ.

ಭಾನುವಾರ ಅಂಗಡಿ ಮುಚ್ಚಿ ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಆಟ ಆಡಲಿಕ್ಕೆ ಅಂತ ನೀವು ತಿಳಿದರೆ ತಪ್ಪು. ಪರದೆಯ ತುಂಬ ಬಿಳಿ ಚೌಕಗಳ ಒಂದು ಚಿತ್ರ ಹಾಕಿ, ಚೌಕಗಳು ಚೌಕವಾಗಿವೆಯೇ ಅಂತ ನೋಡುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿದು ಹಿಂದೆ ಏನೋ ತಿರುಗಿಸುವುದು, ಮುಂದೆ ಬಂದು ಕಣ್ಣು ಕಿರಿದು ಮಾಡುವುದು, ಮತ್ತೆ ಹಿಂದೆ. ಮನೆಗೆ ಯಾರಾದರೂ ಬಂದರೆ ಕೈಹಿಡಿದು ಒಳಗೆ ಕರೆದು ಚೌಕ ತೋರಿಸುತ್ತಿದ್ದರು. "ಈ ಗೆರೆ ನೋಡಿ. ಹೋದ್ವಾರ ಡೊಂಕಿತ್ತು." ಬಂದವರು ಹೌದೌದು ಅನ್ನುತ್ತಾ ಚಪ್ಪಲಿ ಎಲ್ಲಿ ಬಿಟ್ಟೆವು ಅಂತ ನೆನಪು ಮಾಡಿಕೊಳ್ಳುತ್ತಿದ್ದರು.

"ಭಾವ, ಆ ಜಲಪಾತ ನೋಡಿದ್ರಾ?" ಅಂತ ನಾನೊಮ್ಮೆ ಕೇಳಿದ್ದೆ.

"ಇನ್ನೂ ಇಲ್ಲ. ಎಲ್ಲಾ ಸರಿಯಾಗ್ಲಿ. ಆಮೇಲೆ ಒಂದೇ ಸಲ ನೋಡೋದು."

ಎಲ್ಲಾ ಸರಿಯಾಗುವುದರೊಳಗೆ ನಮ್ಮ ಅಮ್ಮನ ಕಣ್ಣು ಕೆಟ್ಟಿತು. ಎರಡಕ್ಕೂ ಪೊರೆ. ಅಮ್ಮ ನನ್ನ ಜೊತೆ ಇದ್ದರು. ಪೊರೆ ತೆಗೆಸಿ ಅಂತ ಅವರ ಬೆನ್ನು ಬಿದ್ದವರು ಭಾವನೇ. ಅಮ್ಮನಿಗೆ ಇಷ್ಟವಿರಲಿಲ್ಲ. "ಕಾಣೋಷ್ಟು ಕಾಣ್ತಿದೆ ಅಳಿಯಂದ್ರೇ," ಅನ್ನುತ್ತಿದ್ದರು. ಭಾವ ಬಿಡಬೇಕಲ್ಲ. "ಕಾಣೋದು ಬೇರೆ, ಸ್ಪಷ್ಟವಾಗಿ ಕಾಣೋದು ಬೇರೆ ಅತ್ತೆ. ಮಂಜು ಮಂಜಾಗಿ ನೋಡೋದೂ ಒಂದು ನೋಡೋದಾ?" ಅಂತ ವಾದ ಮಾಡಿ, ಪರಿಚಯದ ಕಣ್ಣಿನ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗಿ ಬಲಗಣ್ಣು ಮಾಡಿಸಿದರು. ಎಡಗಣ್ಣು ಸ್ವಲ್ಪ ದಿನ ಬಿಟ್ಟು ಅಂತಾಯಿತು. ಅಮ್ಮ ಹೊಸ ಕಣ್ಣು ಬಿಟ್ಟು ಮೊದಲು ನೋಡಿದ್ದು ಅಕ್ಕನ ಮುಖ. "ನಿಂಗೆ ಇಷ್ಟೊಂದು ಬಿಳಿ ಕೂದ್ಲು ಯಾವಾಗ ಬಂತೇ?" ಅಂದರು. ಅಕ್ಕ ಆ ದಿನ ಪೂರ್ತಿ ಭಾವನ ಜೊತೆ ಮಾತಾಡಲಿಲ್ಲ.

ಈಗ ಸಮಸ್ಯೆ ಬಂತು. ಕಣ್ಣಿಗೆ ದಿನಾ ಹಲವು ಸಲ ಹನಿ ಹಾಕಬೇಕು. ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಹೊರಟರೆ ನಮ್ಮ ಮನೆಗೆ ಬೀಗ. ಮೇಲಾಗಿ ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಅವಳ ಮನೆ ನೆಲದ ಮಟ್ಟದಲ್ಲಿದೆ. ಅಮ್ಮ ಅಲ್ಲಿಗೆ ಹೋಗುವುದೇ ಸರಿ. ಆದರೆ ಹಾಲಿನಲ್ಲಿ ಹೊಲಿಗೆ ಯಂತ್ರ, ಅಳತೆ ಕೊಡಲು ಬರುವ ಹೆಂಗಸರು. ಉಳಿದದ್ದು ಮುಂಗೋಣೆ. ಅದರಲ್ಲಿ ಗಾಳಿಗೂ ಜಾಗವಿರಲಿಲ್ಲ.

ಅಕ್ಕ ಕತ್ತರಿ ಕೈಯಲ್ಲಿ ಹಿಡಿದೇ ಮಾತು ಶುರು ಮಾಡಿದಳು. "ರೀ, ಈ ಡಬ್ಬಾಗಳೆಲ್ಲ ಹೋಗ್ಬೇಕು. ಅಮ್ಮ ಬರ್ತಾರೆ."

ಭಾವನ ಮುಖ ನೋಡಬೇಕಿತ್ತು. ಅತ್ತೆ ಬೇಡ ಅನ್ನುವ ಮನುಷ್ಯ ಅಲ್ಲ ಅವರು. ಆದರೆ ಇವನನ್ನು ಬಿಡಿ ಅಂದರೆ ಎಲ್ಲಿ ಬಿಡುತ್ತಾರೆ? "ಎಲ್ಲಾ ಸರಿಯಾಗೋ ಹೊತ್ತಲ್ಲಿ ಹೀಗಂದ್ರೆ ಹೇಗೆ? ಈಗಷ್ಟೇ ಮೂಲೆ ಚೌಕ ನೇರ ಆಗಿದೆ."

"ಹಳದಿ ತಂತಿ, ಮೂರು ತಂತಿ, ನನಗಂತೂ ಎರಡೂ ಒಂದೇ."

"ನಿನ್ನ ಕಣ್ಣಿಗೆ ಅಭ್ಯಾಸ ಇಲ್ಲ. ನನಗೆ ಕಣ್ಣು ಕಟ್ಟಿ ಬಿಟ್ರೂ ಗೊತ್ತಾಗುತ್ತೆ."

ಇಲ್ಲಿ ನಾನು ನಕ್ಕೆ, ನಗಬಾರದಿತ್ತು. ಅಕ್ಕನಿಗೆ ಭಾವನ ಆ ಮಾತಿನಲ್ಲೇ ಒಂದು ಉಪಾಯ ಹೊಳೆಯಿತು. "ಆಯ್ತು. ಕಣ್ಣು ಬಿಟ್ಕೊಂಡೇ ಹೇಳಿ. ಯಾವುದು ಮೂರು ತಂತಿ ಅಂತ ನಿಮಗೆ ಹೇಳ್ದೇ ನಾನು ತೋರಿಸ್ತೀನಿ. ಸರಿಯಾಗಿ ಹೇಳಿದ್ರೆ ಈ ರೂಮು ನಿಮ್ದೇ. ನಮ್ಮ ರೂಮನ್ನ ಅಮ್ಮನಿಗೆ ಬಿಟ್ಟು ನಾವು ಹಾಲಲ್ಲಿ ಬಿದ್ಕೊಳ್ಳೋಣ, ನಾನು ತುಟಿ ಪಿಟಕ್ ಅನ್ನಲ್ಲ. ತಪ್ಪು ಹೇಳಿದ್ರೆ ನಾಳೆನೇ ಟೆಂಪೊ ಬರುತ್ತೆ."

ನನ್ನ ಟೆಂಪೊವನ್ನು ನನ್ನನ್ನು ಕೇಳದೆ ಪಣಕ್ಕಿಟ್ಟಳು. ಭಾವ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಒಂದೇ ಒಂದು ಷರತ್ತು ಹಾಕಿದರು. "ಜಲಪಾತದ ಹತ್ರ ಆಗ್ಬೇಕು. ಇವನ ತಾಕತ್ತು ಅಲ್ಲೇ ಗೊತ್ತಾಗೋದು."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮುಂಗೋಣೆಗೆ ನುಗ್ಗಿದೆವು. ಭಾವ ಕುರ್ಚಿಯಲ್ಲಿ, ಅಮ್ಮ ಒಂದು ಟಿವಿಯ ಮೇಲೆ, ನಾನು ನೆಲದ ಮೇಲೆ. ಗೇಮಿನಿಂದ ಎರಡು ಬಗೆಯ ತಂತಿಯನ್ನೂ ಇವನಿಗೆ ಸಿಕ್ಕಿಸಿ, ರಿಮೋಟ್ ಅಕ್ಕನ ಕೈಗೆ ಬಂತು. ಒಂದು ಗುಂಡಿ ಒತ್ತಿದರೆ ಹಳದಿ ತಂತಿಯ ಚಿತ್ರ, ಮತ್ತೆ ಒತ್ತಿದರೆ ಮೂರು ತಂತಿಯದು. ಯಾವುದು ಯಾವುದು ಅಂತ ಪರದೆಯ ಮೂಲೆಯಲ್ಲಿ ಅಕ್ಷರ ಬೀಳುತ್ತಿತ್ತು. ಅಕ್ಕ ಅಮ್ಮನ ಕಣ್ಣಿಗೆ ಹಚ್ಚುವ ಬಿಳಿ ಪ್ಲಾಸ್ಟರು ಕತ್ತರಿಸಿ ಆ ಮೂಲೆಗೆ ಅಂಟಿಸಿದಳು. ಇವನ ಗಾಜಿಗೆ ಪ್ಲಾಸ್ಟರು ಬಿದ್ದದ್ದು ನೋಡಿ ಭಾವ ಹಲ್ಲು ಕಚ್ಚಿದರು.

"ಹೂಂ, ಜಲಪಾತಕ್ಕೆ ಹೋಗಿ," ಅಂದಳು ಅಕ್ಕ.

ಭಾವ ಜಾಯ್‌ಸ್ಟಿಕ್ ಹಿಡಿದರು. ಮುಂಗುಸಿ ಕೊಡೆ ಹಿಡಿದು ಓಡಿತು. ದಾರಿಯಲ್ಲಿ ಮೊದಲ ಗುಂಡಿ ಬಂತು, ಅದರೊಳಗೆ ಬಿತ್ತು. ಮತ್ತೆ ಓಡಿತು, ಅದೇ ಗುಂಡಿಗೆ ಬಿತ್ತು. ಮೂರನೇ ಸಲ ಗುಂಡಿಯ ಹತ್ತಿರ ಬಂದು ಬಹಳ ಹೊತ್ತು ನಿಂತಿತು, ಯೋಚನೆ ಮಾಡಿತು, ಆಮೇಲೆ ಬಿತ್ತು. ಆಗ ನನಗೆ ಗೊತ್ತಾಯಿತು, ಈ ಮನುಷ್ಯ ಇಷ್ಟು ವರ್ಷ ಒಮ್ಮೆಯೂ ಆಡಿಲ್ಲ. ಟಿವಿ ತಂದದ್ದೆಷ್ಟು, ತಂತಿ ತಂದದ್ದೆಷ್ಟು, ಮುಂಗುಸಿ ಮಾತ್ರ ಮೊದಲ ಗುಂಡಿ ದಾಟಿರಲಿಲ್ಲ.

"ನೀನೇ ಆಡಪ್ಪಾ," ಅಂತ ಜಾಯ್‌ಸ್ಟಿಕ್ ನನ್ನ ಕೈಗಿಟ್ಟರು. "ನನಗೆ ನೋಡೋದಷ್ಟೇ ಅಭ್ಯಾಸ."

ಹಳ್ಳ ತಪ್ಪಿಸುವುದು ನನಗೆ ಹೊಟ್ಟೆಪಾಡು. ಕೆಲವು ಸಲ ಬಿದ್ದು ಎದ್ದು ಎರಡನೇ ಹಂತಕ್ಕೆ ಬಂದೆ. ಅಷ್ಟರಲ್ಲಿ ಅಕ್ಕ ಭಾವನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ್ದಳು. ಜಲಪಾತದ ಎದುರಿಗೆ ಮುಂಗುಸಿಯನ್ನು ನಿಲ್ಲಿಸಿ ನಾನು ಕೈ ಬಿಟ್ಟೆ. ಅಕ್ಕ ರಿಮೋಟ್ ಒತ್ತಿ, ಒತ್ತಿ, ಯಾವುದೋ ಒಂದಕ್ಕೆ ನಿಲ್ಲಿಸಿದಳು.

"ಈಗ ತಿರುಗಿ." ಅವಳ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು, ಥೇಟ್ ಅಂಗಡಿಯ ದನಿ. "ಒಂದಾ..."

ನೀರು ಇಳಿಯುತ್ತಿತ್ತು. ಗಾಜಿನಂಥ ತೆಳು ನೀಲಿ ನೀರು, ಅದರ ಹಿಂದೆ ಮಸುಕಾಗಿ ಬಂಡೆ. ನಾನು ಇದನ್ನೆಲ್ಲ ಲೇವಡಿ ಮಾಡಿಕೊಂಡು ಬಂದವನು, ಆದರೂ ಅದು ಚೆಂದವಾಗಿತ್ತು ಅಂತ ಒಪ್ಪಬೇಕು. ಭಾವನ ಬಾಯಿ ಸ್ವಲ್ಪ ತೆರೆದುಕೊಂಡಿತು. ಕಿಟಕಿಯ ಹೊರಗೆ ನಿಂತವರ ಬಾಯಿ.

"ಎರಡಾ?"

ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಮುಂಗುಸಿಯ ಮೀಸೆಯ ಎಳೆ ಎಳೆಯೂ ಕಾಣುತ್ತಿತ್ತು. ಆದರೆ ನೀರು ಇರಲಿಲ್ಲ. ನೀರಿದ್ದ ಕಡೆ ಮೇಲಿನಿಂದ ಕೆಳಗೆ ಉದ್ದುದ್ದ ನೀಲಿ ಕಂಬಿಗಳು, ಕಂಬಿಗಳ ನಡುವೆ ಬಂಡೆ. ಯಾರೋ ಬಂಡೆಯ ಎದುರಿಗೆ ಕಿಟಕಿ ಸರಳು ಹಾಕಿಸಿದ್ದ ಹಾಗೆ.

"ಅವಸರ ಇಲ್ಲ," ಅಂದಳು ಅಕ್ಕ. "ಇನ್ನೊಂದ್ಸಲ ತೋರಿಸ್ಲಾ?"

"ತೋರಿಸೋದು ಏನ್ಬೇಡ." ಭಾವ ಎದ್ದೇ ನಿಂತರು. ಅವರ ಕಣ್ಣು ತುಂಬಿತ್ತು, ದನಿಯಲ್ಲಿ ಗೆಲುವಿತ್ತು. "ಒಂದು. ಒಂದೇ ಮೂರು ತಂತಿ. ನೋಡಿದ್ಯಾ ನೀರು? ನಾನು ಹೇಳ್ಲಿಲ್ವಾ? ಅದು ಚಿತ್ರ ಅಂದ್ರೆ. ಎರಡನೇದು ನಿಮ್ಮ ಹಳದಿ ತಂತಿ. ಎಲ್ಲಾ ಕಿತ್ತು ಕಂಬಿ ಕಂಬಿ ಆಗಿದೆ, ಥೂ."

ಅಕ್ಕ ಒಂದನೆಯದಕ್ಕೆ ತಿರುಗಿಸಿ, ಬಗ್ಗಿ, ಪ್ಲಾಸ್ಟರಿನ ತುದಿ ಹಿಡಿದು ಎಳೆದಳು.

ಒಂದನೆಯದು ಹಳದಿ ತಂತಿ.

ಭಾವ ಹತ್ತಿರ ಹೋಗಿ ಅಕ್ಷರ ಓದಿದರು. ರಿಮೋಟ್ ಇಸಿದುಕೊಂಡು ತಾವೇ ಒತ್ತಿದರು. ಕಂಬಿ ಬಂತು, ಮೂರು ತಂತಿ ಅಂತ ಅಕ್ಷರ ಬಿತ್ತು. ಮತ್ತೆ ಒತ್ತಿದರು, ನೀರು ಬಂತು, ಹಳದಿ. ಟಿವಿಯ ಹಿಂದೆ ಹೋಗಿ ತಂತಿ ಕಿತ್ತು ಬೇರೆ ಸಿಕ್ಕಿಸಿದರು. ಒಂದು ಏಟು ಹೊಡೆದರು. ಇವನಿಗೆ ಏಟು ಬಿದ್ದದ್ದು ನಾನು ನೋಡಿದ್ದು ಅದೊಂದೇ ಸಲ. ಏನು ಮಾಡಿದರೂ ಅಷ್ಟೇ, ಮೂರು ತಂತಿಗೆ ಹಾಕಿದರೆ ಪರದೆಯಲ್ಲಿ ಕಂಬಿಯೇ ನಿಂತಿತು. ಎಲ್ಲ ಸರಿಯಾದ ಮೇಲೆ ನೋಡೋಣ ಅಂತ ಕಾದಿಟ್ಟ ಜಲಪಾತ, ಎಲ್ಲ ಸರಿಯಾದ್ದರಿಂದಲೇ ಬತ್ತಿಹೋಗಿತ್ತು.

ಮಾತು ಬಂದದ್ದು ಅಮ್ಮನಿಗೆ. ಅವರು ಟಿವಿಯ ಮೇಲೆ ಕೂತು ಒಂದು ಕೈಯಿಂದ ಬಲಗಣ್ಣು ಮುಚ್ಚುವುದು, ಆಮೇಲೆ ಎಡಗಣ್ಣು ಮುಚ್ಚುವುದು ಮಾಡುತ್ತಿದ್ದರು. "ಅಳಿಯಂದ್ರೇ, ನನಗೆ ಎರಡೂ ಕಾಣುತ್ತೆ. ಡಾಕ್ಟ್ರು ಮಾಡಿದ ಕಣ್ಣಲ್ಲಿ ನೋಡಿದ್ರೆ ಕಂಬಿ. ಮಾಡ್ದೇ ಇರೋ ಕಣ್ಣಲ್ಲಿ ನೋಡಿದ್ರೆ ಚೆನ್ನಾಗಿ ನೀರು ಹರೀತಿದೆ."

ಅಕ್ಕ ನಗಬೇಕು ಅಂತ ಬಾಯಿ ತೆರೆದವಳು, ಗಂಡನ ಮುಖ ನೋಡಿ ಮುಚ್ಚಿಕೊಂಡಳು.

ಸಂಜೆ ಭಾವ ಗುಂಪಿಗೆ ಬರೆದು ಕೇಳಿದರು. ಗುರುಗಳ ಉತ್ತರ ನನಗೂ ತೋರಿಸಿದರು. ಅದರ ಸಾರ ಇಷ್ಟು: ಆಗಿನ ಕಾಲದ ಗೇಮಿಗೆ ತೆಳು ನೀರು ಬರೆಯಲು ಬರುತ್ತಿರಲಿಲ್ಲ. ಹಳದಿ ತಂತಿ ಹೇಗೂ ಎಲ್ಲವನ್ನೂ ಕಲಸುತ್ತದೆ ಅಂತ ಗೊತ್ತಿದ್ದ ಚಿತ್ರಗಾರರು ಬೇಕಂತಲೇ ಕಂಬಿ ಬರೆದರು, ತಂತಿ ಅದನ್ನು ಕಲಸಿ ನೀರು ಮಾಡುತ್ತಿತ್ತು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾದರೆ ಯಾಕೆ ಮೊದಲೇ ಹೇಳಲಿಲ್ಲ ಅಂತ ಭಾವ ಕೇಳಿದ್ದಕ್ಕೆ ಗುರುಗಳು, "ನಮ್ಮಲ್ಲಿ ಯಾರೂ ಅಷ್ಟು ದೂರ ಆಡೋದಿಲ್ಲ," ಅಂತ ಬರೆದಿದ್ದರು. ಕೆಳಗೆ ತಮ್ಮ ಟಿವಿಯ ಫೋಟೊ ಹಾಕಿದ್ದರು. ಚೌಕಗಳು ಬಹಳ ನೇರವಾಗಿದ್ದವು.

ಮರುದಿನ ಟೆಂಪೊ ಹೋಯಿತು. ಗುಂಪಿನ ಇನ್ನೊಬ್ಬ ಭಕ್ತರು ಎರಡೂ ಕೈಚಾಚಿ ಎಲ್ಲ ಟಿವಿಗಳನ್ನು ಇಳಿಸಿಕೊಂಡರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಇವನು ಮಾತ್ರ ಉಳಿದ. ಭಾವನ ಮೇಲಿನ ಕನಿಕರಕ್ಕೆ ಉಳಿಸಿದೆ ಅಂತ ಅಕ್ಕನಿಗೆ ಹೇಳಿದರೆ ಬೈಯುತ್ತಾಳೆ, ಹಾಗಾಗಿ ಸೊಂಟದ ಹೆಸರು ಹೇಳಿದೆ. ಕನಿಕರವೂ ಇತ್ತು, ಸೊಂಟವೂ ಇತ್ತು. ಅಮ್ಮ, "ಇರ್ಲಿ ಬಿಡೇ, ಆ ಮುಂಗುಸಿ ಪಾಪ ಚೆನ್ನಾಗಿದೆ," ಅಂದರು. ಕಿಟಕಿ ತೆರೆಯಿತು, ಮಂಚ ಬಂತು, ಅಮ್ಮನ ಔಷಧಿ ಬಾಟಲಿಗಳು ಇವನ ತಲೆಯ ಮೇಲೆ ಸಾಲಾಗಿ ನಿಂತವು.

ಅದಾಗಿ ಕೆಲವು ಭಾನುವಾರ ಭಾವ ಆ ಕಡೆ ತಲೆ ಹಾಕಲಿಲ್ಲ. ಹಾಲಿನಲ್ಲಿ ಕೂತು ಪೇಪರು ಓದುತ್ತಿದ್ದರು, ಅದೇ ಪುಟ. ನನಗೆ ತಡೆಯಲಾಗಲಿಲ್ಲ. "ಬನ್ನಿ ಭಾವ, ನಾನು ಜಲಪಾತಕ್ಕೆ ಕರ್ಕೊಂಡು ಹೋಗ್ತೀನಿ," ಅಂತ ಎಬ್ಬಿಸಿದೆ. ಅವರು ತಮ್ಮದೇ ಕೋಣೆಯ ಬಾಗಿಲು ತಟ್ಟಿ, "ಅತ್ತೆ, ಒಳಗೆ ಬರ್ಲಾ?" ಅಂತ ಕೇಳಿದರು.

ನಾನು ಆಡಿದೆ. ಮುಂಗುಸಿ ಜಲಪಾತದ ಎದುರಿಗೆ ಬಂದು ನಿಂತಿತು. ಕಂಬಿ.

"ರೀ, ಹಳದಿ ತಂತಿ ಇನ್ನೂ ಸಿಕ್ಕಿಸಿದ ಹಾಗೇ ಇದೆ," ಅಂದಳು ಬಾಗಿಲಲ್ಲಿದ್ದ ಅಕ್ಕ. ದಾರ ಪೋಣಿಸುತ್ತಿದ್ದಳು. "ಒಂದು ಗುಂಡಿ ಒತ್ತಿದ್ರೆ ಆಯ್ತಲ್ಲ."

"ಹಳದಿ ತಂತಿನಾ? ನಾನಾ?" ಅಂದರು ಭಾವ. ಸೋತರೂ ಮೀಸೆ ಮಣ್ಣಾಗಿರಲಿಲ್ಲ. "ಇವನಿಗೆ ಹಳದಿ ತಂತಿ ಹಾಕಿ ಗುಂಪಿನವರಿಗೆ ಯಾವ ಮುಖ ತೋರಿಸ್ಲಿ?"

ಭಾವ ಮಂಚದ ಅಂಚಿನಲ್ಲಿ, ಅಮ್ಮನ ಕಾಲ ಬಳಿ ಕೂತು ಕಂಬಿ ನೋಡುತ್ತಲೇ ಇದ್ದರು. ಆಮೇಲೆ ಎರಡೂ ಕೈ ಎತ್ತಿ, ಸ್ನಾನಕ್ಕೂ ನಿದ್ದೆಗೂ ಬಿಟ್ಟರೆ ಇಳಿಯದ ಆ ಕನ್ನಡಕವನ್ನು ಮೂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪರದೆಯ ಕಡೆ ಮುಖ ಎತ್ತಿದರು. ಕನ್ನಡಕವಿಲ್ಲದ ಅವರ ಕಣ್ಣು ಸಣ್ಣದಾಗಿ, ಯಾರದೋ ಕಣ್ಣಿನಂತೆ ಕಂಡಿತು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಂಡಿತು.

"ಬಂತು," ಅಂದರು. "ನೀರು ಬಂತು. ಹಿಂದೆ ಬಂಡೆನೂ ಇದೆ."

ಅಕ್ಕನ ಸೂಜಿ ನಿಂತಿತು. ನಾನು ಮುಂಗುಸಿಯನ್ನು ಅಲ್ಲಾಡಿಸದೆ ಹಾಗೇ ಹಿಡಿದುಕೊಂಡೆ. ಅಮ್ಮ ಡಾಕ್ಟರು ಮಾಡಿದ ಕಣ್ಣನ್ನು ಕೈಯಿಂದ ಮುಚ್ಚಿ, ಉಳಿದದ್ದರಲ್ಲಿ ನೋಡಿದರು.

"ಹೌದು, ಚೆನ್ನಾಗಿ ಬೀಳ್ತಿದೆ," ಅಂದರು. "ಹಾಗಾದ್ರೆ ಅಳಿಯಂದ್ರೇ, ನನ್ನ ಈ ಕಣ್ಣಿನ ಪೊರೆ ಹಾಗೇ ಇರ್ಲಿ ಬಿಡಿ. ನಿಮ್ಮ ಜೊತೆ ಕೂತು ನೋಡೋಕೆ ಯಾರಾದ್ರೂ ಬೇಕಲ್ಲ."

ಬೀದಿಗೆಲ್ಲ ಕನ್ನಡಕ ಹಾಕಿಸಿದ ಮನುಷ್ಯ, ಮಂಜು ಮಂಜಾಗಿ ನೋಡೋದೂ ಒಂದು ನೋಡೋದಾ ಅಂತ ಅಮ್ಮನ ಜೊತೆ ವಾದಕ್ಕೆ ನಿಂತಿದ್ದ ಮನುಷ್ಯ, ಪರದೆಯಿಂದ ಮುಖ ತಿರುಗಿಸದೆ ತಮ್ಮ ಮೆತ್ತಗಿನ ಅಂಗಡಿಯ ದನಿಯಲ್ಲಿ ಹೇಳಿದರು.

"ಅವಸರ ಇಲ್ಲ ಅತ್ತೆ. ಮುಂದಿನ ತಿಂಗಳು ಮಾಡ್ಸೋಣ."